ಬನಹಟ್ಟಿ ಬ್ಯಾಚಿಗಾಗಿ ಬೋಳಿಸಿದ ಮೀಸೆ

ಮೊನ್ನೆ ಮುಧೋಳದಿಂದ ಸವಿತಾ ಫೋನ್ ಮಾಡಿದ್ದಳು. ನಾನು ನಿವೃತ್ತನಾದ ಮೇಲೆ ನನ್ನ ಕುರ್ಚಿಗೆ ಬಂದ ಹುಡುಗಿ. ಜಾಣೆ, ಚುರುಕು. ಮಾತಾಡುವುದು ಮಾತ್ರ ಬಸ್ಸು ಹೊರಟುಹೋಗುತ್ತಿದೆಯೇನೋ ಎನ್ನುವ ಹಾಗೆ.

"ಸರ್, ಬ್ಯಾಚಿನ್ಯಾಗ ಅರ್ಧಕ್ಕರ್ಧ ಮಂದಿ ಪಾಠಾನ ನೋಡವಲ್ರು. ಫೋನ್ ಹಚ್ಚಿದ್ರ ಎತ್ತವಲ್ರು. ಇವರಿಗೆ ಮೋಟಿವೇಶನ್ನ ಇಲ್ರಿ. ಏನ್ ಮಾಡ್ಲಿ?"

"ಮೊದಲ ಒಂದು ಕಪ್ ಚಾ ಕುಡಿ. ಆಮ್ಯಾಗ ಆ ಮೋಟಿವೇಶನ್ ಅನ್ನೋ ಶಬ್ದ ಬಾಯಿಂದ ತಗದು ಹೊರಗ ಇಡು," ಎಂದೆ.

ನಕ್ಕಳು. ಆದರೆ ಅವಳ ಪ್ರಶ್ನೆ ನಗುವಂಥದ್ದಲ್ಲ, ಉತ್ತರ ಫೋನಿನಲ್ಲಿ ಹೇಳಿ ಮುಗಿಸುವಷ್ಟು ಸಣ್ಣದೂ ಅಲ್ಲ. ಇದೇ ಕೆಲಸಕ್ಕೆ ಈಗ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರೆಲ್ಲ ಇದೇ ಪ್ರಶ್ನೆ ಕೇಳುತ್ತಾರೆಂದು ಕೇಳಿದ್ದೇನೆ. ಅದಕ್ಕೇ ಬರೆಯಲು ಕುಳಿತೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದರಿಂದ ನಿಮಗೂ ಉಪಯೋಗವಿಲ್ಲ, ಶಾಲು ಕೂಡ ಈಗ ನಮ್ಮ ಮನೆಯ ಫ್ರಿಜ್ಜಿನ ಮೇಲಿದೆ.

ನನ್ನ ಮೂಲ ಕೆಲಸ ಜಮಖಂಡಿಯ ಒಂದು ತರಬೇತಿ ಸಂಸ್ಥೆಯಲ್ಲಿ ರೇಖಾಚಿತ್ರ ಕಲಿಸುವುದು. ಸ್ಕೇಲು, ಪೆನ್ಸಿಲು, ರಬ್ಬರು, ಇಷ್ಟೇ ನನ್ನ ಪ್ರಪಂಚ. ನಿವೃತ್ತಿಗೆ ಕೆಲವೇ ವರ್ಷ ಉಳಿದಿದ್ದಾಗ ಆನ್‌ಲೈನ್ ಕೋರ್ಸುಗಳು ಬಂದವು. ಅದರ ಸಂಯೋಜಕ ಯಾರಾಗುತ್ತೀರಿ ಎಂದು ಮೀಟಿಂಗಿನಲ್ಲಿ ಕೇಳಿದಾಗ ಎಲ್ಲರೂ ನೆಲ ನೋಡತೊಡಗಿದರು. ನಾನು ತಟ್ಟೆಯಲ್ಲಿ ಉಳಿದಿದ್ದ ಕಡೆಯ ಭಜಿಗೆ ಕೈ ಚಾಚಿದ್ದೆ. ಅದನ್ನೇ ಒಪ್ಪಿಗೆಯ ಕೈ ಎಂದು ತಿಳಿದು ಚಪ್ಪಾಳೆ ತಟ್ಟಿದರು. ಭಜಿಯೂ ಬೇರೆಯವರ ಪಾಲಾಯಿತು.

ಕೆಲಸ ಇಷ್ಟು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಜನ ತಮ್ಮ ಮೊಬೈಲಿನಲ್ಲೇ ಪಾಠ ನೋಡುತ್ತಾರೆ. ಯಾರು ಎಷ್ಟು ನೋಡಿದರು ಎಂಬುದು ನನ್ನ ಕಂಪ್ಯೂಟರಿನಲ್ಲಿ ಹಸಿರು ಪಟ್ಟಿಯಾಗಿ ಕಾಣುತ್ತದೆ. ಹಿಂದೆ ಬಿದ್ದವರಿಗೆ ಫೋನ್ ಮಾಡಿ, ಪುಸಲಾಯಿಸಿ, ಬೈದು, ಮತ್ತೆ ಪಾಠಕ್ಕೆ ತರುವವನು ನಾನು. ಮದುವೆಗೆ ಕರೆಯುವವರಾದರೂ ಒಂದು ಮನೆಗೆ ಒಮ್ಮೆ ಹೋಗುತ್ತಾರೆ. ನಾನು ವಾರ ವಾರ ಕರೆಯುತ್ತಿದ್ದೆ.

ಜನರನ್ನು ಹುರಿದುಂಬಿಸುವುದು ಎಂದರೆ ಪೈಪೋಟಿ ಹಚ್ಚುವುದು ಎಂದು ಮೊದಮೊದಲು ನಂಬಿದ್ದೆ. ಹಿಪ್ಪರಗಿಯಲ್ಲಿ ಹನಿ ನೀರಾವರಿ ಕೋರ್ಸು ನಡೆದಿತ್ತು. ಬಸಪ್ಪ, ಸಂಗಪ್ಪ ಎಂಬ ಇಬ್ಬರು ದಾಯಾದಿಗಳು ಸೇರಿದ್ದರು. ಬದುವಿನ ಈಚೆ ಇವನ ಕಬ್ಬು, ಆಚೆ ಅವನ ಕಬ್ಬು. ಯಾರು ಹೆಚ್ಚು ಪಾಠ ನೋಡುತ್ತಾರೋ ಅವರಿಗೆ ಸ್ಟಾರ್ ಎಂದು ಶನಿವಾರ ಶನಿವಾರ ಮೊಬೈಲ್ ಗ್ರೂಪಿನಲ್ಲಿ ಸಾರತೊಡಗಿದೆ. ಹಸಿರು ಪಟ್ಟಿ ಸರ್ರನೆ ಏರಿತು. ನಾನು ಮೀಸೆ ತಿರುವಿದೆ. ಆಗ ನನಗೆ ದೊಡ್ಡ ಮೀಸೆ ಇತ್ತು.

ಒಂದು ದಿನ ಹೋಗಿ ನೋಡಿದರೆ ಬಸಪ್ಪ ಫೋನನ್ನು ಟ್ರ್ಯಾಕ್ಟರಿಗೆ ಕಟ್ಟಿ, ಪಾಠ ಹಚ್ಚಿಬಿಟ್ಟು, ಹೊಲ ಹರಗುತ್ತಿದ್ದ. ಪಾಠ ಟ್ರ್ಯಾಕ್ಟರಿಗೆ ತಿಳಿದಿದ್ದರೂ ತಿಳಿದಿರಬಹುದು, ಬಸಪ್ಪನಿಗಂತೂ ಇಲ್ಲ.

"ಬಸಪ್ಪಾ, ಪೈಪಿಗೆ ಫಿಲ್ಟರ್ ಯಾಕ ಹಾಕ್ತಾರ ಹೇಳು ನೋಡೋಣ," ಎಂದೆ.

"ಅದು ಇರ್ಲಿ ಬಿಡ್ರಿ ಸರ್. ಸಂಗ್ಯಾನ ಸ್ಟಾರ್ ಎಷ್ಟ ಆದುವು? ಅದನ್ನ ಹೇಳ್ರಿ ಮೊದಲ."

ಸಂಗಪ್ಪ ಸೋತೆನೆಂದು ಕೋರ್ಸು ಬಿಟ್ಟ. ಮುಂದಿನ ವಾರ ಬಸಪ್ಪನೂ ಬಿಟ್ಟ. ಸೋಲಿಸಲು ಯಾರೂ ಇಲ್ಲದ ಮೇಲೆ ಅವನಿಗೆ ಪಾಠದಲ್ಲಿ ಏನಿತ್ತು? ಮುಂದೆ ನದಿಯ ರಾಡಿ ಕಟ್ಟಿಕೊಂಡು ಇಬ್ಬರ ಪೈಪುಗಳೂ ಬಂದಾದ ದಿನ, ಒಂದೇ ಬದುವಿನ ಮೇಲೆ ಕುಳಿತು ಒಂದೇ ಫೋನಿನಲ್ಲಿ ಫಿಲ್ಟರಿನ ಪಾಠ ನೋಡಿದರಂತೆ. ಅಂದು ಸ್ಟಾರ್ ಕೊಡಲು ನಾನು ಅಲ್ಲಿರಲಿಲ್ಲ, ಒಳ್ಳೆಯದೇ ಆಯಿತು.

ಮುಧೋಳ ನಾಯಿ ಸಾಕುವ ತಿಮ್ಮಾಪುರದ ಪರಸಪ್ಪನಂತೂ ನನ್ನನ್ನು ಫೋನಿನಲ್ಲೇ ಜಾಡಿಸಿದ್ದ. ಪಶುಪಾಲನೆಯ ಕೋರ್ಸಿನಲ್ಲಿ ಒಂದು ಪಾಠ ಮುಗಿಯದೆ ಮುಂದಿನದು ತೆರೆಯದ ಹಾಗೆ ಕೀಲಿ ಹಾಕಿದ್ದರು. ಮರಿಗಳ ಭೇದಿಯ ಪಾಠ ಏಳನೆಯದು. ಅವನ ಮರಿ ಭೇದಿಯಾಗಿ ಮಲಗಿತ್ತು.

"ಸರ್, ನನ್ನ ಮರೀದು ಬ್ಯಾನಿ ಏಳನೇ ಪಾಠದಾಗ ಐತಿ. ನೀವು ಒಂದನೇ ಪಾಠದಾಗ ನಾಯಿಗೆ ನಾಕ ಕಾಲ ಅದಾವ ಅಂತ ತೋರಸಾಕತ್ತೀರಿ. ಕಾಲ ನಾ ಎಣಿಸೀನ್ರಿ!"

ಮೊದಲು ಡಾಕ್ಟರ ಹತ್ತಿರ ಓಡು ಎಂದು ಅವನಿಗೆ ಹೇಳಿ, ಮೇಲಿನವರಿಗೆ ಕಾಡಿ ಬೇಡಿ ಕೀಲಿ ತೆಗೆಸಿದೆ. ಮರಿ ಉಳಿಯಿತು. ಪರಸಪ್ಪ ಏಳನೇ ಪಾಠ ನೋಡಿದವನು ತಾನಾಗಿ ಆರಕ್ಕೆ ಬಂದ, ಐದಕ್ಕೆ ಬಂದ, ಹಿಂದು ಮುಂದಾಗಿ ಇಡೀ ಕೋರ್ಸನ್ನೇ ಮುಗಿಸಿದ. ಹಸಿದವನಿಗೆ ಊಟ ಎಲ್ಲಿಂದ ಶುರುಮಾಡಬೇಕೆಂದು ನಾವು ಹೇಳಿಕೊಡಬಾರದು ಎಂದು ಅಂದು ಕಲಿತೆ.

ಇಷ್ಟು ಕಲಿತ ಮೇಲೂ ನಾನು ಮುಗ್ಗರಿಸಿದ್ದು ಬನಹಟ್ಟಿಯಲ್ಲಿ. ಸವಿತಾ, ನೀನು ಮುಖ್ಯವಾಗಿ ಓದಬೇಕಾದದ್ದು ಇದನ್ನೇ.

ಬಟ್ಟೆಗೆ ಕಂಪ್ಯೂಟರಿನಲ್ಲಿ ವಿನ್ಯಾಸ ಬರೆಯುವ ಕೋರ್ಸದು. ಬೀಳಗಿಯಲ್ಲಿ ಹೊಲಿಗೆ, ಕಸೂತಿ ಮಾಡುವ ಹೆಣ್ಣುಮಕ್ಕಳು ಸೇರಿದ್ದರು. ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗದ ನೇಕಾರರು. ಬನಹಟ್ಟಿಯವರ ಪೈಕಿ ಮಹಾದೇವಿಯ ನೆನಪು ಮೊದಲ ದಿನದಿಂದಲೂ ಇದೆ. ನಲವತ್ತರ ಆಸುಪಾಸಿನ ಹೆಂಗಸು, ಬಾಲ್ಯದಿಂದ ಮಗ್ಗದ ಮುಂದೆ ನಿಂತವಳು. ಜಮಖಂಡಿಗೆ ಕಿವಿ ಡಾಕ್ಟರಲ್ಲಿಗೆ ಬಂದಿದ್ದವಳು ಅಲ್ಲಿಂದ ನೆಟ್ಟಗೆ ನಮ್ಮ ಸಂಸ್ಥೆಗೆ ಬಂದಳು.

"ಒಂದ ಕಿವಿ ಹೋಗೇತ್ರಿ. ಇನ್ನೊಂದು ಉಳಿಬೇಕಂದ್ರ ಲೂಮ್ ಬಿಡು ಅಂತಾರ ಡಾಕ್ಟರು. ಬಿಟ್ಟು ಏನ್ ಮಾಡ್ಲಿ? ನಮ್ಮ ನೇಕಾರರ ಸೊಸೈಟಿಯೊಳಗ ಡಿಸೈನ್ ಬರಿಯಾಕ ಒಬ್ಬರು ಬೇಕಾಗ್ಯಾರ. ಚಿತ್ರಾ ನನಗ ಬರ್ತಾವ. ಸರ್ಟಿಫಿಕೇಟ್ ಬೇಕಂತ. ಅದೊಂದ ಕೊಡಸ್ರಿ ಸರ್."

"ಕೊಡಸೋದಲ್ಲವಾ, ನೀನ ಕಲತು ತಗೋಬೇಕು," ಎಂದೆ, ಎತ್ತರದ ದನಿಯಲ್ಲಿ.

"ಒದರಬ್ಯಾಡ್ರಿ, ನನಗ ತಿಳಿತೈತಿ," ಎಂದು ನಕ್ಕಳು.

ಮೊದಲ ಪಾಠಗಳಲ್ಲಿ ಒಬ್ಬ ಟೀಚರಮ್ಮ ಕ್ಯಾಮೆರಾದ ಮುಂದೆ ಕುಳಿತು ನಿಧಾನವಾಗಿ ವಿವರಿಸುತ್ತಿದ್ದರು. ಅಲಂಕಾರವಿಲ್ಲ, ಸಂಗೀತವಿಲ್ಲ. ಅಂಥ ಸಪ್ಪೆ ಪಾಠವನ್ನೂ ಬನಹಟ್ಟಿಯವರು ಬಿಡದೆ ನೋಡಿದರು. ಮಹಾದೇವಿ ಬರೆದು ಕಳಿಸಿದ ಸೀರೆಯ ದಡಿ, ಅಂದರೆ ಅಂಚಿನ ಚಿತ್ರ, ನೋಡಿ ರೇಖಾಚಿತ್ರದ ಮೇಷ್ಟ್ರಾದ ನಾನೇ ಬಾಯಿ ಬಿಟ್ಟೆ. ಅಷ್ಟರಲ್ಲಿ ಮೇಲಿನ ಕಚೇರಿಗೆ ಪಾಠ ಇನ್ನಷ್ಟು ಆಕರ್ಷಕವಾಗಬೇಕು ಎನ್ನಿಸಿತು. ಟೀಚರಮ್ಮನ ಮುಖ ತೆಗೆದರು. ಬಣ್ಣದ ಚಿತ್ರಗಳು ಕುಣಿಯತೊಡಗಿದವು, ಹಿಂದಿನಿಂದ ಇಂಪಾದ ದನಿ, ಮೆಲುವಾದ ಕೊಳಲು. ನನಗೂ ಬಹಳ ಇಷ್ಟವಾಯಿತು, ಮನೆಯಲ್ಲಿ ಹೆಂಡತಿಗೂ ತೋರಿಸಿದೆ.

ಬೀಳಗಿಯ ಪಟ್ಟಿ ಏರಿತು. ಬನಹಟ್ಟಿಯ ಪಟ್ಟಿ ಇಳಿಯಿತು, ಇಳಿದು ನಿಂತೇಬಿಟ್ಟಿತು. ಒಂದೇ ಕೋರ್ಸು, ಒಂದೇ ಪಾಠ. ಬೀಳಗಿಯವರಿಗೆ ಕಲಿಯುವ ಆಸಕ್ತಿ ಇದೆ, ಬನಹಟ್ಟಿಯವರಿಗೆ ಇಲ್ಲ ಎಂದು ಕಚೇರಿ ತೀರ್ಮಾನಿಸಿತು. ನಾನೂ ತಲೆಯಾಡಿಸಿದೆ. ಫೋನ್ ಮಾಡಿ ಕೇಳಿದರೆ ಎಲ್ಲರದೂ ಒಂದೇ ಮಾತು.

"ಪಾಠ ತಿಳಿವಲ್ದ್ರೀ ಸರ್."

"ಸೌಂಡ್ ಹೆಚ್ಚ ಮಾಡ್ಕೋರಿ," ಎನ್ನುತ್ತಿದ್ದೆ ನಾನು. ಎಂಥ ಸಲಹೆ!

ಆಮೇಲೆ ಶುರುವಾಯಿತು ಮೋಟಿವೇಶನ್ನಿನ ಸುರಿಮಳೆ. ಬೆಳಗಾದರೆ ಸೂರ್ಯೋದಯದ ಚಿತ್ರದೊಂದಿಗೆ ಒಂದು ಹಿತವಚನ. ಪ್ರೇರಣಾ ಭಾಷಣಕಾರರೊಬ್ಬರಿಂದ 'ಎದ್ದೇಳಿ, ಗೆಲ್ಲಿ' ಎಂಬ ಧ್ವನಿ ಸಂದೇಶ. ಅದನ್ನು ಮಗ್ಗದ ಶೆಡ್ಡಿನಲ್ಲಿ ನಿಂತವರಿಗೆ ಕಳಿಸುತ್ತಿದ್ದೆವು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಆ ಬರೆಯ ಕಬ್ಬಿಣ ಕಾಯಿಸಿಕೊಟ್ಟವನು ನಾನೇ.

ಯಾವುದಕ್ಕೂ ಪಟ್ಟಿ ಏಳಲಿಲ್ಲ. ಕಡೆಗೆ ನಮ್ಮ ಮೇಲಧಿಕಾರಿ ಮೇಡಂ ತಾವೇ ನೋಡುತ್ತೇನೆಂದು ಬೆಂಗಳೂರಿನಿಂದ ಬಂದರು. ಒಳ್ಳೆಯ ಹೆಂಗಸು, ಯಾರನ್ನೂ ನೋಯಿಸಲು ಇಷ್ಟಪಡದವರು. ಇಬ್ಬರೂ ಬನಹಟ್ಟಿಗೆ ಹೋಗಿ ಮಹಾದೇವಿ ದುಡಿಯುವ ಶೆಡ್ಡಿನ ಬಾಗಿಲಲ್ಲಿ ನಿಂತೆವು. ಒಳಗೆ ಸಾಲಾಗಿ ಮಗ್ಗಗಳು. ಲಾಳಿಗಳು ಅತ್ತಿಂದಿತ್ತ ಹಾರುವ ಆ ಸಪ್ಪಳಕ್ಕೆ ಕಿವಿಯಲ್ಲ, ಹಲ್ಲೇ ನಡುಗುತ್ತವೆ. ಮೇಡಂ ಎಲ್ಲರಿಗೂ ಕೈಮುಗಿದರು. ಎಲ್ಲರೂ ಕೆಲಸ ಬಿಡದೆಯೇ ನಗುತ್ತ ತಲೆಬಾಗಿದರು.

ಸ್ವಲ್ಪ ಹೊತ್ತು ನೋಡಿ ಮೇಡಂ ನನ್ನ ಕಿವಿಯ ಹತ್ತಿರ ಬಾಯಿ ತಂದು ಕೂಗಿದರು. ಗುಟ್ಟನ್ನು ಕೂಗಿ ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

"ಪಾಪ, ಒಳ್ಳೇ ಜನ ದೇಶಪಾಂಡೆಯವರೇ. ಆದ್ರೆ ಈ ಬ್ಯಾಚನ್ನ ಈ ತಿಂಗಳೇ ಮುಚ್ಚಿಬಿಡೋಣ. ಈಗ್ಲೇ ಇವರಿಗೆ ಹೇಳ್ಬೇಡಿ, ಬೇಜಾರು ಮಾಡ್ಕೋತಾರೆ."

ಮಹಾದೇವಿಯ ಮಗ್ಗ ನಿಂತಿತು. ಪಕ್ಕದ್ದು ನಿಂತಿತು, ಅದರಾಚೆಯದೂ ನಿಂತಿತು. ನೋಡುನೋಡುತ್ತಿದ್ದಂತೆ ಇಡೀ ಶೆಡ್ಡು ಗಪ್ಪಾಯಿತು. ಕರೆಂಟು ಹೋಯಿತೇನೋ ಎಂದು ನಾನು ಮೇಲೆ ನೋಡಿದರೆ ಬಲ್ಬು ಉರಿಯುತ್ತಲೇ ಇತ್ತು. ಮಹಾದೇವಿ ಸೆರಗಿಗೆ ಕೈ ಒರೆಸುತ್ತ ನಮ್ಮೆದುರು ಬಂದು ನಿಂತಳು.

"ಯಾಕ ಮುಚ್ಚತೀರಿ ಮೇಡಮ್ಮಾರ? ನಾವು ಏನ್ ತಪ್ಪ ಮಾಡೇವಿ?"

ಮೇಡಂ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. "ನಿಮಗೆ... ಕೇಳಿಸ್ತಾ?" ಎಂದರು.

"ಕೇಳಸಾಕ ಇಲ್ಲೇನು ಕಿವಿ ಕೆಲಸಾ ಮಾಡ್ತಾವೇನ್ರಿ? ನಾವು ಶೆಡ್ಡಿನ್ಯಾಗ ತುಟಿ ನೋಡೇ ಮಾತಾಡೋದು. ಚಾ ತಾ ಅನ್ನೋದೂ ಹಂಗ, ಜಗಳಾ ಆಡೋದೂ ಹಂಗ." ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಮಹಾದೇವಿ ನಗಲಿಲ್ಲ. "ಮೊದಲಿನ ಅಕ್ಕಾರು ಇದ್ದಾಗ ಫೋನ್ ಎದರಿಗೆ ಇಟಗೊಂಡು ನೇಯಕೋತ ದಿನಾ ಪಾಠ ನೋಡತಿದ್ವಿ. ಅವರಂದದ್ದೆಲ್ಲಾ ತಿಳಿತಿತ್ತು. ನೀವು ಅವರ ಮಾರಿ ತಗದು ಚಿತ್ರ ಹಾಕಿದ್ರಿ. ಚಿತ್ರಕ್ಕ ತುಟಿ ಎಲ್ಲೈತ್ರಿ? ಲೂಮ್ ಬಂದ್ ಆದ ಮ್ಯಾಲ ಮನ್ಯಾಗ ಕುಂತು ನೋಡೇನಿ. ಈ ಉಳಿದ ಕಿವಿಗೆ ಬರೇ ಕೊಳಲ ಕೇಳಸ್ತೈತ್ರಿ, ಮಾತು ಕೇಳಸಂಗಿಲ್ಲ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಿಂಗಳುಗಟ್ಟಲೆ ಅವರು 'ತಿಳಿವಲ್ದು' ಎಂದು ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದ್ದರು. ಅದನ್ನು ನಾವು ಆಸಕ್ತಿ ಇಲ್ಲ ಎಂದು ಓದಿಕೊಂಡಿದ್ದೆವು. ಈ ಊರಿನ ಸುತ್ತಲೇ ಬೆಳೆದ ನನಗೂ ಅದು ಹೊಳೆದಿರಲಿಲ್ಲ, ಏಕೆಂದರೆ ನಾನು ಯಾವಾಗಲೂ ಅವರ ಜೊತೆ ಮಾತಾಡಿದ್ದು ಫೋನಿನಲ್ಲಿ, ಇಲ್ಲವೇ ನಮ್ಮ ಆಫೀಸಿನಲ್ಲಿ.

ಮೇಡಂ ದೊಡ್ಡ ಮನಸ್ಸಿನವರು. ಅಲ್ಲೇ ಒಂದು ನೂಲಿನ ಚೀಲದ ಮೇಲೆ ಕುಳಿತು ಮತ್ತೆ ಮಗ್ಗ ಹಚ್ಚಿಸಿದರು. ತಾವೇ ದನಿ ಇಲ್ಲದೆ ತುಟಿಯಾಡಿಸಿ ಎಲ್ಲರನ್ನೂ ಪರೀಕ್ಷಿಸಿದರು, ಎಲ್ಲರೂ ಸರಿಯಾಗಿ ಹೇಳಿದ್ದಕ್ಕೆ ಮಗುವಿನ ಹಾಗೆ ಖುಷಿಪಟ್ಟರು. ಬ್ಯಾಚು ಮುಚ್ಚುವ ಮಾತು ಅಲ್ಲಿಗೇ ಬಿತ್ತು. ಆದರೆ ಹಳೆಯ ಟೀಚರಮ್ಮ ಬೇರೆ ಕೆಲಸಕ್ಕೆ ಹೋಗಿಬಿಟ್ಟಿದ್ದರು. ಉಳಿದ ಪಾಠಗಳನ್ನು ಮುಖ ತೋರಿಸಿ ಹೇಳುವವರು ಯಾರು?

"ನೀವೇ," ಎಂದರು ಮೇಡಂ. ಈ ಸಲ ನಾನು ಯಾವ ಭಜಿಗೂ ಕೈ ಚಾಚಿರಲಿಲ್ಲ.

ಒಂದೊಂದು ಪಾಠವನ್ನೂ ಮೊದಲು ನಾನು ಕಲಿತು, ಆಮೇಲೆ ಫೋನನ್ನು ಡಬ್ಬಿಗೆ ಆನಿಸಿ ಇಟ್ಟು, ಅದರ ಮುಂದೆ ಮಾತಾಡಿ ಕಳಿಸಿದೆ. ಮೊದಲನೆಯದು ಹೋದ ಕೂಡಲೇ ಮಹಾದೇವಿಯ ಫೋನು.

"ಸರ್, ಸಿಟ್ಟಿಗೇಳಬ್ಯಾಡ್ರಿ. ಪಾಠ ಛಲೋ ಐತಿ. ಆದ್ರ ನಿಮ್ಮ ಮೀಸಿಯೊಳಗ ಮ್ಯಾಲಿನ ತುಟಿನ ಕಾಣವಲ್ದು. ಬರೇ ಮೀಸಿ ಅಳ್ಳಾಡತೈತಿ."

ನಿಜ ಹೇಳುತ್ತೇನೆ, ಸಿಟ್ಟು ಬಂತು. ಮೂಡಿದಂದಿನಿಂದ ನೀವಿ ನೀವಿ ಬೆಳೆಸಿದ ಮೀಸೆ. ಸ್ವಲ್ಪ ಕತ್ತರಿಸಿ ನೋಡಿದೆ, ಸಾಲದು ಎಂದರು ಬನಹಟ್ಟಿಯವರು. ಇನ್ನಷ್ಟು ಕತ್ತರಿಸಿದೆ, ಎಡಗಡೆ ಕಾಣುತ್ತದೆ, ಬಲಗಡೆ ಇಲ್ಲ ಎಂದರು. ಕಡೆಗೆ ಕಟಿಂಗ್ ಅಂಗಡಿಗೆ ಹೋಗಿ ಕಣ್ಣು ಮುಚ್ಚಿ ಕುಳಿತೆ. ಮನೆಗೆ ಬಂದಾಗ ಹೆಂಡತಿ ಬಾಗಿಲು ತೆರೆದು, ಯಾರು ಬೇಕಾಗಿತ್ತು ಎನ್ನುವ ಹಾಗೆ ನೋಡಿ, ಒಳಗೆ ಹೋಗಿ ಒಬ್ಬಳೇ ನಕ್ಕಳು.

ನಮ್ಮ ಕಡೆ ಗಂಡಸು ಮೀಸೆ ಬೋಳಿಸುವುದು ತಂದೆ ತಾಯಿ ತೀರಿಕೊಂಡಾಗ. ನನ್ನ ತಾಯಿ ತೊಂಬತ್ತರ ಹತ್ತಿರ ಬಂದು ಗಟ್ಟಿಮುಟ್ಟಾಗಿದ್ದಳು. ಮರುದಿನ ಬೆಳಿಗ್ಗೆ ಓಣಿಯವರು ಒಬ್ಬೊಬ್ಬರಾಗಿ ಮುಖ ಸಣ್ಣದು ಮಾಡಿಕೊಂಡು ಬಂದರು. ಬಾಗಿಲ ಕಟ್ಟೆಯ ಮೇಲೆ ಕುಳಿತು ಅವಲಕ್ಕಿ ತಿನ್ನುತ್ತಿದ್ದ ಅವ್ವನನ್ನೇ, "ಯಾವಾಗ ಆತ್ರೀ, ಸುದ್ದೀನ ಹತ್ತಲಿಲ್ಲ ನಮಗ," ಎಂದು ಕೇಳಿದವರೂ ಉಂಟು.

"ನಾ ಇನ್ನೂ ಇಲ್ಲೇ ಅದೀನೋ," ಎಂದಳು ಅವ್ವ. "ಸತ್ತದ್ದು ಅವನ ಮೀಸಿ."

ಆ ಸುದ್ದಿ ಬನಹಟ್ಟಿ ಮುಟ್ಟಿತು. ಮೇಷ್ಟ್ರು ನಮಗಾಗಿ ಮೀಸೆ ಬೋಳಿಸಿದರಂತೆ ಎಂದು ಶೆಡ್ಡಿನಿಂದ ಶೆಡ್ಡಿಗೆ ತುಟಿಯಿಂದ ತುಟಿಗೆ ಹರಡಿತು. ಬಿಟ್ಟುಹೋದವರೆಲ್ಲ ಮರಳಿ ಬಂದರು, ಹೊಸಬರೂ ಸೇರಿದರು. ನನಗೆ ಆದ ಸಂತೋಷವನ್ನು ಮುಚ್ಚಿಡುವುದೇಕೆ? ಕನ್ನಡಿಯಲ್ಲಿ ನನ್ನ ಬೋಳು ಮೋರೆ ನೋಡಿ ನಾನೇ ನಕ್ಕೆ. ಎಲ್ಲ ಹಿತವಚನಗಳೂ ಸೇರಿ ಮಾಡದಿದ್ದದ್ದನ್ನು ಒಂದು ಮೀಸೆ ಮಾಡಿತ್ತು. ಮೀಸೆಗೆ ಮಂತ್ರಶಕ್ತಿ ಇತ್ತೆಂದಲ್ಲ. ಪಾಠ ತಮ್ಮ ತನಕ ಮುಟ್ಟಲಿ ಎಂದು ಆಚೆ ಕಡೆ ಯಾರೋ ಒಬ್ಬರು ಒದ್ದಾಡುತ್ತಿದ್ದಾರೆ ಎಂಬುದು ಅವರಿಗೆ ಕಂಡಿತು, ಅಷ್ಟೇ. ಕಲಿಯುವ ಹಂಬಲ ಅವರಲ್ಲಿ ಮೊದಲಿನಿಂದಲೂ ಇತ್ತು, ನಾವು ಅದರ ದಾರಿಗೆ ಅಡ್ಡ ಕುಳಿತಿದ್ದೆವು. ಸವಿತಾ, ಆದ್ದರಿಂದ ನಿನ್ನ ಬ್ಯಾಚಿನವರಿಗೆ ಯಾಕೆ ನೋಡುತ್ತಿಲ್ಲ ಎಂದು ಫೋನಿನಲ್ಲಿ ಕೇಳಬೇಡ. ಅವರು ಪಾಠ ನೋಡುವ ಜಾಗಕ್ಕೆ, ನೋಡುವ ಹೊತ್ತಿಗೆ ಹೋಗಿ ಸುಮ್ಮನೆ ಪಕ್ಕದಲ್ಲಿ ನಿಲ್ಲು.

ಕಡೆಗೆ ಪರೀಕ್ಷೆ ಬಂತು. ಬರವಣಿಗೆಯ ಭಾಗ ಸಲೀಸಾಗಿ ಮುಗಿಯಿತು. ಉಳಿದದ್ದು ಮೌಖಿಕ ಪರೀಕ್ಷೆ, ಅದೂ ಆನ್‌ಲೈನಿನಲ್ಲೇ. ಇದರಲ್ಲಿ ಪಾಸಾದರೆ ಮಹಾದೇವಿಗೆ ಸೊಸೈಟಿಯ ಡಿಸೈನ್ ಕೋಣೆ, ಇಲ್ಲವಾದರೆ ಮತ್ತೆ ಅದೇ ಶೆಡ್ಡು. ಸೊಸೈಟಿಯವರು ಇನ್ನು ಕಾಯುವುದಿಲ್ಲ ಎಂದು ಹೇಳಿದ್ದರು. ಅವಳ ಉಳಿದ ಒಂದು ಕಿವಿಯೂ ಕಾಯುವ ಸ್ಥಿತಿಯಲ್ಲಿರಲಿಲ್ಲ.

ಜಮಖಂಡಿಯ ನಮ್ಮ ಕೋಣೆಯಲ್ಲಿ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ನಿಯಮದಂತೆ ನಾನು ಬಾಗಿಲ ಬಳಿ ನಿಂತೆ. ಪರದೆಯ ಮೇಲೆ ಇಬ್ಬರು ಪರೀಕ್ಷಕರು ಕಾಣಿಸಿದರು, ನಡುವಯಸ್ಸಿನ ಒಬ್ಬರು, ಅವರ ಪಕ್ಕದಲ್ಲಿ ಇನ್ನೊಬ್ಬರು. ಪುಣ್ಯಕ್ಕೆ ಇಬ್ಬರಿಗೂ ಮೀಸೆ ಇರಲಿಲ್ಲ. ನಡುವಯಸ್ಸಿನವರು ನಕ್ಕು ಏನೋ ಕೇಳಿದರು. ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಸ್ಪೀಕರ್ ಕೆಟ್ಟಿತು ಎಂದುಕೊಂಡೆ. ವೈರು ಅಲ್ಲಾಡಿಸಲು ಮುಂದೆ ಹೋದೆ. ಮಹಾದೇವಿ ಪರದೆಯಿಂದ ಕಣ್ಣು ತೆಗೆಯದೆ, ಅಲ್ಲೇ ನಿಲ್ಲಿ ಎಂದು ನನಗೆ ಕೈ ಮಾಡಿ, ಉತ್ತರ ಹೇಳತೊಡಗಿದಳು.

ದಡಿಯ ಹೂವು ಸೆರಗಿಗೆ ಬಂದಾಗ ಹೇಗೆ ತಿರುಗಬೇಕು, ಕಂಪ್ಯೂಟರಿನಲ್ಲಿ ಚಂದ ಕಂಡ ಬಣ್ಣ ನೂಲಿಗೆ ಬಂದಾಗ ಯಾಕೆ ಮಂಕಾಗುತ್ತದೆ, ಒಂದೊಂದನ್ನೇ ಬಿಡಿಸಿ ಹೇಳಿದಳು. ಅವರು ತುಟಿಯಾಡಿಸುವುದು, ಇವಳು ಉತ್ತರಿಸುವುದು. ಒಂದು ಪ್ರಶ್ನೆಗೆ ಮಾತ್ರ, "ಇನ್ನೊಮ್ಮೆ ಅನ್ರಿ ಸರ್, ಕೈ ಅಡ್ಡ ಬಂತು," ಎಂದಳು. ಅವರು ಗಲ್ಲದ ಮೇಲಿನ ಕೈ ತೆಗೆದು ಮತ್ತೆ ಕೇಳಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

ಕೊನೆಗೆ ಅವರು ಪಕ್ಕದವರ ಕಡೆ ಅರ್ಧ ತಿರುಗಿ ಏನೋ ಅಂದರು. ಮಹಾದೇವಿಯ ಕಣ್ಣಲ್ಲಿ ನೀರು ಬಂತು.

"ಏನಾತವಾ?" ಎಂದೆ, ತಡೆಯಲಾರದೆ. ಅವಳ ಕಣ್ಣು ಇನ್ನೂ ಅವರ ತುಟಿಯ ಮೇಲೇ ಇತ್ತು.

ಅಷ್ಟರಲ್ಲಿ ಪಕ್ಕದವರು ಬಗ್ಗಿ ಏನನ್ನೋ ಒತ್ತಿದರು. ಕೋಣೆ ತುಂಬ ನಡುವಯಸ್ಸಿನವರ ದನಿ ಬಂತು.

"ಅಯ್ಯಯ್ಯೋ, ನಮ್ಮ ಮೈಕ್ ಇಷ್ಟೂ ಹೊತ್ತು ಆಫ್ ಇತ್ತಲ್ರೀ! ಕ್ಷಮಿಸಿ ತಾಯಿ, ನಿಮಗೆ ಏನೂ ಕೇಳಿಸಿಲ್ಲ ಅಲ್ವಾ? ಮತ್ತೆ ಉತ್ತರ ಹೇಗೆ ಹೇಳಿದ್ರಿ? ಎಲ್ಲಾ ಮೊದಲಿನಿಂದ ಕೇಳಲಾ?"

ಮಹಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕುಳಿತಳು.

"ಕೇಳ್ರಿ ಸರ್, ಎಷ್ಟ ಸಲ ಬೇಕಾದ್ರೂ ಕೇಳ್ರಿ. ಆದ್ರ ಈಗ ಆ ಬಾಜೂದವರ ಮುಂದ ನಾ ಪಾಸ್ ಅಂದ್ರಲ್ಲಾ, ಅದನ್ನ ಮಾತ್ರ ಹೊಳ್ಳಿ ತಗೋಬ್ಯಾಡ್ರಿ."